ಮಣ್ಣಿನ ಬಣ್ಣದ ಲಂಗ

ಗಂಗಾ, ಅವತ್ತು ಬೇಲಿಯ ಮೇಲೆ ನೀನು ಹಾಕಿದ್ದ ಲಂಗ ನನಗೆ ಕಂಡಿತ್ತು.

ಕಿಟಕಿಯ ಪಕ್ಕದಲ್ಲೇ ಕುಳಿತಿದ್ದೆ. ಬಸ್ಸಿನಲ್ಲಿ ನೂಕುನುಗ್ಗಲು ಇರಲಿಲ್ಲ, ನಾನು ಆಚೆ ಬದಿಗೆ ನಿಂತಿರಲಿಲ್ಲ, ಕಣ್ಣು ಮಂಜಾಗಿರಲಿಲ್ಲ. ಆಸ್ಪತ್ರೆಯಲ್ಲಿ ನಿನ್ನ ಹತ್ತಿರ ಹೇಳಿದ್ದು ಅಷ್ಟೂ ಸುಳ್ಳು. ಹೇಳಿಬಿಟ್ಟೆ ನೋಡು, ಇಷ್ಟೇ ಮಾತು. ಇಷ್ಟನ್ನು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು ನನಗೆ — ಊರೂರು ತಿರುಗಿ ಹೆಂಗಸರಿಗೆ ಬಾಯಿ ಬಿಟ್ಟು ಮಾತಾಡಿ ಎಂದು ಪಾಠ ಹೇಳುವವಳಿಗೆ.

ಇದನ್ನು ಓದುವ ಬೇರೆಯವರಿಗೆ ಲಂಗದ ವಿಷಯ ತಿಳಿಯಬೇಕಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗಂಡನ ಹೊಡೆತ ತಿನ್ನುವ ಹೆಂಗಸರ ಜೊತೆ ನಿಲ್ಲುವ ಸಣ್ಣದೊಂದು ಸಂಸ್ಥೆಯಲ್ಲಿ ನನ್ನ ಕೆಲಸ. ಮನೆ ಶಿರಸಿಯಲ್ಲಿ, ತಿರುಗಾಟ ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ. ಫೋನ್ ಮಾಡಿ ಎಂದರೆ ಫೋನ್ ಗಂಡನ ಕಿಸೆಯಲ್ಲಿ. ಅದಕ್ಕೆ ಒಂದು ಉಪಾಯ ಮಾಡಿದ್ದೆವು. ನಮ್ಮ ಕಡೆ ಒಳಲಂಗವನ್ನು ಯಾರೂ ಎದುರಿಗೆ ಒಣಗಿಸುವುದಿಲ್ಲ. ಹಿತ್ತಿಲಲ್ಲಿ, ಅದೂ ಸೀರೆಯ ಮರೆಯಲ್ಲಿ. ಗಂಡಸರಂತೂ ಅದನ್ನು ಮುಟ್ಟುವುದು ಹಾಗಿರಲಿ, ಕಂಡರೂ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಅಪಾಯ ಅನ್ನಿಸಿದ ದಿನ ಲಂಗವನ್ನು ರಸ್ತೆ ಬದಿಯ ಬೇಲಿಗೆ ಹಾಕಿ, ನಾವು ಆ ದಾರಿಯಲ್ಲಿ ಹೋಗುವಾಗ ನೋಡಿ ಇಳಿಯುತ್ತೇವೆ ಎಂದು ಹೇಳಿಕೊಟ್ಟಿದ್ದೆವು. ಹೇಳಿಕೊಟ್ಟವಳು ನಾನೇ. ಅದರ ಜಂಭವೂ ಸ್ವಲ್ಪ ಇತ್ತು ಅನ್ನು.

ಇಳಿದು ಮಾಡುವುದೇನು? ದೊಡ್ಡದೇನೂ ಇಲ್ಲ. ಹೋಗಿ ಜಗಲಿಯ ಮೇಲೆ ಕುಳಿತುಕೊಳ್ಳುವುದು. ನೀರು ಕೇಳುವುದು, ಎಲೆ-ಅಡಿಕೆ ಹಾಕುವುದು, ದನ ಕರು ಹಾಕಿತೇ, ಸೊಸೈಟಿಯಲ್ಲಿ ಗೊಬ್ಬರ ಬಂತೇ ಎಂದು ಊರ ಸುದ್ದಿ ತೆಗೆಯುವುದು. ಹೊರಗಿನ ಹೆಂಗಸೊಬ್ಬಳು ಜಗಲಿಯಲ್ಲಿ ಇದ್ದಾಳೆ ಎಂದರೆ ಸಾಕು, ಎಂಥ ಗಂಡಸಿನ ಕೈಯೂ ಮೇಲೇಳುವುದಿಲ್ಲ. ಕೂತು ಕೂತು ಅವನ ಸಿಟ್ಟಿನ ಹೊತ್ತು ಕಳೆಯುವುದು, ಹೆಂಗಸು ಹೊರಡುತ್ತೇನೆ ಎಂದರೆ ಜೊತೆಗೆ ಕರೆದುಕೊಂಡು ಬರುವುದು. ಇಷ್ಟೇ ಕೆಲಸ.

ನಿನ್ನ ಮನೆಗೆ ಹಾಗೆ ಅದಕ್ಕೂ ಮುಂಚೆ ಎರಡು ಸಲ ಬಂದಿದ್ದೆ, ನೆನಪಿದೆಯಾ? ಎರಡು ಸಲವೂ ನಿನ್ನ ಗಂಡ ನನ್ನನ್ನು ಬಾಯಿ ತುಂಬ ಮಾತಾಡಿಸಿದ. ನೀನು ಚಹಾ ಕೊಟ್ಟೆ. ಹೊರಡುವಾಗ ಗೇಟಿನ ತನಕ ಬಂದು, "ಈಗ ಎಂತ ಇಲ್ಲ ಅಕ್ಕಾ, ನೀವು ಹೋಗಿ" ಅಂದೆ. ಬಸ್ಸು ತಪ್ಪಿ ಯಲ್ಲಾಪುರದ ತನಕ ಯಾರದೋ ಟೆಂಪೋದಲ್ಲಿ ಕುಳಿತು ಬರುವಾಗ ನನಗೆ ನಿನ್ನ ಮೇಲೆ ಸಿಟ್ಟು ಬಂದಿತ್ತು. ಎರಡನೆಯ ಸಲವಂತೂ ಆಫೀಸಿನಲ್ಲಿ ಹೇಳಿಯೂ ಹೇಳಿದೆ — ಗಂಗಾನದ್ದು ತೋಳ ಬಂತು ತೋಳದ ಕಥೆ, ಎಂತ ಇಲ್ಲದಿದ್ದರೂ ಲಂಗ ಹಾಕುತ್ತಾಳೆ ಎಂದು. ಎಲ್ಲರೂ ನಕ್ಕರು.

ಎಂತ ಇಲ್ಲದಿದ್ದರೂ! ನಾನು ಹೋಗಿ ಕುಳಿತದ್ದರಿಂದಲೇ ಎಂತದೂ ಆಗಲಿಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಬೇರೆಯವರಿಗೆ ಅದನ್ನೇ ಹೇಳಿಕೊಡುತ್ತಿದ್ದೆ. ಆದರೂ ಹೋಗಲಿಲ್ಲ.

ಆಮೇಲೆ ಆ ಭಾನುವಾರ. ನನ್ನ ಯಜಮಾನರ ಅಕ್ಕನ ಮಗಳ ನಿಶ್ಚಿತಾರ್ಥ ಇಡಗುಂದಿಯ ಆಚೆ. ಬೆಳಗಿನ ಬಸ್ಸಿಗೆ ನಿಮ್ಮ ಮನೆಯ ಮುಂದೆಯೇ ಹೋಗುತ್ತೇನೆ ಎಂದು ವಾರದ ಮೊದಲೇ ನಿನಗೆ ಹೇಳಿದವಳು ನಾನೇ. ಯಾಕೆ ಹೇಳಿದೆನೋ! ಮಾತಿಗೆ ಮಾತು ಬಂತು, ಹೇಳಿದೆ. ನೀನು ಅದನ್ನು ನೆನಪಿಟ್ಟುಕೊಂಡೆ. ಭಾನುವಾರ ನಮ್ಮ ಗುರುತು ಗೊತ್ತಿದ್ದ ಅಂಗನವಾಡಿಯ ಟೀಚರೂ ಆ ದಾರಿಯಲ್ಲಿ ಬರುವುದಿಲ್ಲ, ಆಶಾ ಕಾರ್ಯಕರ್ತೆಯೂ ಬರುವುದಿಲ್ಲ. ಆ ದಿನ ನೀನು ಲಂಗ ಹಾಕಿದ್ದು ನನಗೆ ಎಂದೇ, ನನಗೊಬ್ಬಳಿಗೇ.

ತಿರುವು ದಾಟುತ್ತಿದ್ದ ಹಾಗೆ ಕಂಡಿತು. ಕಾರೆಮುಳ್ಳಿನ ಬೇಲಿಯ ಮೇಲೆ, ಮಣ್ಣಿನ ಬಣ್ಣದ ಲಂಗ, ಹಾಸಿ ಒಣಹಾಕಿದ್ದು. ಪಕ್ಕದಲ್ಲಿ ಕುಳಿತಿದ್ದ ನನ್ನ ಅತ್ತಿಗೆಗೂ ಕಂಡಿತು. ಅವಳು ಮೊಣಕೈಯಲ್ಲಿ ನನ್ನನ್ನು ತಿವಿದು, "ಎಂತಾ ಹೆಂಗಸೇ ಅದು ಮಾರಾಯ್ತಿ, ರಸ್ತೆ ಬದಿಗೆ ಲಂಗ ಒಣಗ್ಸಿದ್ದು ನೋಡು. ನಾಚಿಕೆನೂ ಇಲ್ಲೆ" ಅಂದಳು.

ನಾನು ನಕ್ಕೆ.

ಇಳಿಯದೆ ಇದ್ದದ್ದು ಒಂದು. ನಕ್ಕದ್ದು — ಅದಕ್ಕೆ ಏನು ಹೆಸರು ಇಡಲಿ? ನಿನ್ನ ಪ್ರಾಣ ಕೂಗುತ್ತಿದ್ದದ್ದನ್ನು ಕಂಡು, ನಾಚಿಕೆ ಇಲ್ಲದವಳು ಎಂದವಳ ಜೊತೆ ಸೇರಿ ನಕ್ಕೆನಲ್ಲ.

ಆ ಗಳಿಗೆಯಲ್ಲಿ ಏನು ಯೋಚಿಸಿದೆ ಎಂಬುದೂ ಸರಿಯಾಗಿ ನೆನಪಿದೆ. ರೇಷ್ಮೆ ಸೀರೆ ಉಟ್ಟಿದ್ದೆ, ತಲೆಯಲ್ಲಿ ಅಬ್ಬಲಿಗೆ ದಂಡೆ ಇತ್ತು. ನಮ್ಮ ಅತ್ತೆಯವರು ಹೊರಡುವಾಗಲೇ, ಊರಿಗೆ ಉಪಕಾರಿ ಮನೆಗೆ ಮಾರಿ, ಇವತ್ತೊಂದು ದಿನ ಆದರೂ ಮನೆ ಹೆಂಗಸಾಗಿರು ಎಂದು ಚುಚ್ಚಿದ್ದರು. ಮಧ್ಯದಲ್ಲಿ ಇಳಿದರೆ ಮತ್ತೆ ಅದೇ ರಾಮಾಯಣ. ಅಷ್ಟಕ್ಕೂ ಗಂಗಾ ತಾನೆ, ಇಳಿದರೆ ಚಹಾ ಕುಡಿಸಿ ಕಳಿಸುತ್ತಾಳೆ — ಹೀಗೆಯೇ ಅಂದುಕೊಂಡೆ. ಚೀಲದಲ್ಲಿ ಫೋನ್ ಇತ್ತು. ಯಲ್ಲಾಪುರದಲ್ಲಿದ್ದ ನಮ್ಮ ಸಂಸ್ಥೆಯ ಹುಡುಗಿಗೆ ಒಂದು ಮಾತು ಹೇಳಿದ್ದರೆ ಅವಳು ಸ್ಕೂಟಿ ಹತ್ತಿ ಬರುತ್ತಿದ್ದಳು. ಹೇಳಲಿಲ್ಲ. ನೀವು ಕಂಡಿರಲ್ಲ, ನೀವೇ ಯಾಕೆ ಇಳಿಯಲಿಲ್ಲ ಎಂದು ಅವಳು ಕೇಳಿಬಿಟ್ಟರೆ ಎಂದು ಅಳುಕಿದೆ. ಬಸ್ಸು ಮುಂದೆ ಹೋಯಿತು. ಹೋಳಿಗೆ ಊಟ ಮಾಡಿದೆ, ನಿಶ್ಚಿತಾರ್ಥದ ಹುಡುಗಿಗೆ ಆರತಿ ಮಾಡುವಾಗ ಹಾಡನ್ನೂ ಹೇಳಿದೆ. ಸಂಜೆ ತಿರುಗಿ ಬರುವಾಗ ಬೇಲಿಯ ಮೇಲೆ ಲಂಗ ಇರಲಿಲ್ಲ. ಅಬ್ಬಾ, ತೆಗೆದಿದ್ದಾಳೆ, ಎಲ್ಲ ಸರಿಯಾಗಿದೆ ಎಂದು ಉಸಿರು ಬಿಟ್ಟೆ.

ಅದನ್ನು ತೆಗೆದವಳು ನಿನ್ನ ಮಗಳು. ನಿನ್ನ ಮುರಿದ ಕೈಗೆ ಸುತ್ತುವುದಕ್ಕೆ.

ಆದದ್ದನ್ನೆಲ್ಲ ನೀನೇ ನನಗೆ ಹೇಳಿದ್ದು. ನೀನು ನಮ್ಮ ಸಭೆಗೆ ಬಂದದ್ದು ಶನಿವಾರ ಅವನಿಗೆ ಗೊತ್ತಾಗಿತ್ತು. ಬೆಳಿಗ್ಗೆ ಎದ್ದವನು ಒಂದು ಮಾತೂ ಆಡದೆ ಬಾಗಿಲಲ್ಲಿ ಕುಳಿತಿದ್ದ. ಬಯ್ಯುತ್ತಿದ್ದರೆ ಹೆದರಿಕೆ ಇಲ್ಲ, ಸುಮ್ಮನಿದ್ದರೆ ಹೆದರಿಕೆ ಎಂದು ನೀನು ಹಿಂದೆಯೇ ಹೇಳಿದ್ದೆ. ಲಂಗ ಹಾಕಿ ಬಂದು ಬಸ್ಸಿನ ಸದ್ದಿಗೆ ಕಿವಿಯಿಟ್ಟು ಪಾತ್ರೆ ತೊಳೆಯುತ್ತಿದ್ದೆಯಂತೆ. ಸದ್ದು ಬಂತು, ಹತ್ತಿರವಾಯಿತು, ನಿಲ್ಲದೆ ಹೋಯಿತು. ಅದು ಹೋದ ಮೇಲೆಯೇ ಅವನು ಒನಕೆ ತೆಗೆದುಕೊಂಡು ಎದ್ದದ್ದು. ಎರಡು ವಾರದ ಮೇಲೆ ಸುದ್ದಿ ತಿಳಿದು ನಿನ್ನ ಅಣ್ಣ ಹುಲೇಕಲ್ಲಿನಿಂದ ಬಂದು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮೂಳೆ ಅಡ್ಡಾದಿಡ್ಡಿ ಕೂಡಿಕೊಳ್ಳಲು ಸುರುವಾಗಿತ್ತು.

ಆಸ್ಪತ್ರೆಯಲ್ಲಿ ನಿನ್ನ ಮಂಚದ ಕಾಲ ಬಳಿ ಆ ಲಂಗ ಮಡಚಿಟ್ಟಿತ್ತು. ಅದನ್ನು ನೋಡುತ್ತಲೇ ನಾನು, "ಕಾಣಲಿಲ್ಲ ಗಂಗಾ, ಬಸ್ಸು ತುಂಬಿತ್ತು" ಅಂದೆ. ನೀನು ಬಯ್ಯಬಹುದಾಗಿತ್ತು. ಮುಖ ತಿರುಗಿಸಿ ಮಲಗಬಹುದಾಗಿತ್ತು. ಆದರೆ ನೀನು ಸರಿಯಿದ್ದ ಕೈಯಿಂದ ನನ್ನ ಕೈ ಹಿಡಿದುಕೊಂಡೆ. "ನಿಮ್ದೆಂತ ತಪ್ಪು ಅಕ್ಕಾ? ಮಣ್ಣಿನ ಬಣ್ಣದ್ದು ಹಾಕಿದ್ದೆ ನಾನು. ಬೇಲಿ ಯಾವ್ದು, ಲಂಗ ಯಾವ್ದು ಹೇಳಿ ನಿಮ್ಗೆ ಹ್ಯಾಂಗೆ ಗೊತ್ತಾಗ್ಬೇಕು?" ಅಂದೆ.

ಅಲ್ಲ ಗಂಗಾ, ಕಂಡಿತ್ತು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನರ್ಸು ಬಂದಳು, ನಿನ್ನ ಅಣ್ಣ ಬಂದ... ಸುಳ್ಳು, ಯಾರೂ ಬರಲಿಲ್ಲ. ನಾನೇ ಬಾಯಿ ಮುಚ್ಚಿಕೊಂಡೆ. ನೀನು ಕೊಟ್ಟ ಆ ನೆವ ನನಗೆ ಅಷ್ಟು ಹಿತವಾಗಿತ್ತು.

ಆಮೇಲೆ ನೀನು ಆ ಮನೆಗೆ ಮರಳಲಿಲ್ಲ. ಕೇಸು ಹಾಕಿದೆ, ಅಣ್ಣನ ಮನೆಯ ಪಕ್ಕದಲ್ಲೇ ಮಗಳ ಜೊತೆ ನಿಂತೆ. ಎಡಗೈಯ ಬೆರಳುಗಳು ಮಡಚಲಿಲ್ಲ. ಅಡಿಕೆ ಸುಲಿಯುವುದರಲ್ಲಿ ನಿನ್ನ ಸಮ ಯಾರೂ ಇರಲಿಲ್ಲವಂತೆ, ಆ ಕೆಲಸ ಹೋಯಿತು. ಇವತ್ತಿಗೂ ಜಡೆ ಹೆಣೆಯಲು ಮಗಳು ಬೇಕು. ಅಂಥವಳು ನಮ್ಮ ಜೊತೆ ಕೆಲಸಕ್ಕೆ ಬಂದೆ. ಹೆಂಗಸರು ನನ್ನ ಮಾತಿಗಿಂತ ನಿನ್ನ ಮಾತನ್ನು ಕೇಳುತ್ತಾರೆ. ಪ್ರತಿ ತರಬೇತಿಯಲ್ಲೂ ನೀನು ಎದ್ದು ಆ ಕೈಯನ್ನು ಮುಂದೆ ಹಿಡಿಯುತ್ತೀಯ. ಹಾಕುವುದಾದರೆ ಕೆಂಪು ಲಂಗ ಹಾಕಿ, ನನ್ನ ಹಾಗೆ ಮಣ್ಣಿನ ಬಣ್ಣದ್ದು ಹಾಕಿ ಕೆಡಬೇಡಿ, ಕಾಣದಿದ್ದರೆ ಅಕ್ಕನಾದರೂ ಎಂತ ಮಾಡುವುದು ಅನ್ನುತ್ತೀಯ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತೇನೆ. ಸೋಂದಾದಲ್ಲೂ ಹಾಗೆಯೇ, ಸಿದ್ದಾಪುರದಲ್ಲೂ ಹಾಗೆಯೇ. ನನ್ನ ಸುಳ್ಳು ಊರೂರಿಗೂ ನಿಯಮವಾಗಿ ಹೋಯಿತು. ಹೋಗಲಿ, ಕೆಂಪು ಲಂಗದಿಂದ ಯಾರಿಗೇನು ನಷ್ಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಷ್ಟ ಆಯಿತು. ಹೋದ ತಿಂಗಳು ಸಿದ್ದಾಪುರದ ಕಡೆಯ ಆ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬದವಳು, ತಲೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದಾಗ ನಾವಿಬ್ಬರೂ ಹೋಗಿದ್ದೆವಲ್ಲ. "ನಾನು ಅದೇ ದಾರಿಯಲ್ಲಿ ಅವತ್ತು ಬೆಳಿಗ್ಗೆ ಹೋಗಿದ್ದೆ, ಯಾಕೆ ಲಂಗ ಹಾಕಲಿಲ್ಲ?" ಎಂದು ನೀನು ಅವಳನ್ನು ಕೇಳಿದೆ. ಅವಳು ನಿನ್ನ ಮುಖ ನೋಡಿ, "ಕೆಂಪುದು ಇರ್ಲಿಲ್ಲ ಅಕ್ಕಾ. ಕಂದುದು ಇತ್ತು. ಹಾಕಿದ್ರೂ ಕಾಣೂದಿಲ್ಲ ಹೇಳಿ ಸುಮ್ನಾದೆ" ಅಂದಳು.

ನೀನು ಅಲ್ಲಿಯೇ ಅತ್ತುಬಿಟ್ಟೆ. ತಪ್ಪು ನಂದೇ ಅಕ್ಕಾ, ಇಲ್ಲದವರು ಎಂತ ಮಾಡಬೇಕು ಎಂದು ನಾನು ಯೋಚಿಸಲೇ ಇಲ್ಲ ಎಂದು ದಾರಿಯುದ್ದಕ್ಕೂ ಹೇಳಿದೆ. ಮತ್ತೆ ನಿನ್ನದೇ ತಪ್ಪು! ನಾನು ಇನ್ನೆಷ್ಟು ತಪ್ಪು ನಿನ್ನ ತಲೆಗೆ ಕಟ್ಟಲಿ? ನಿನ್ನ ಕೈಗೆ ಒಂದು, ಈಗ ಆ ಹುಡುಗಿಯ ತಲೆಗೆ ಒಂದು.

ಈಗ ನೀನು ಹೊಸ ಹಠ ಹಿಡಿದಿದ್ದೀಯ. ಕೆಂಪು ಬಟ್ಟೆ ತಂದು ಲಂಗ ಹೊಲಿಸಿ ಎಲ್ಲ ಊರಿಗೂ ಹಂಚುವಾ, ನಾಳೆ ಶಿರಸಿ ಪೇಟೆಗೆ ಹೋಗುವಾ ಅಂದಿದ್ದೀಯ. ನಾನು ಬರುತ್ತೇನೆ. ಆದರೆ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ನಿನ್ನನ್ನು ಎಲ್ಲಾದರೂ ಕೂರಿಸಿಕೊಂಡು ಇದನ್ನೆಲ್ಲ ಬಾಯಿಂದಲೇ ಹೇಳುತ್ತೇನೆ. ಈ ಕಾಗದ ನಿನ್ನ ಕೈಗೆ ಕೊಟ್ಟು ನಾನು ದೂರ ನಿಲ್ಲುವುದಿಲ್ಲ. ಕ್ಷಮಿಸು ಎಂದು ಕೇಳುವುದೂ ಇಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಮತ್ತೆ ಏನಾದರೊಂದು ನೆವ ಹುಡುಕಿ ನನಗೇ ಕೊಡುತ್ತೀಯ, ನಿನ್ನ ಗುಣ ನನಗೆ ಗೊತ್ತಿಲ್ಲವೇ.

ಬರುವ ವಾರ ಸಿದ್ದಾಪುರದ ತರಬೇತಿಯಲ್ಲಿ ನೀನು ಏಳುವ ಮೊದಲು ನಾನು ಏಳುತ್ತೇನೆ. ಯಾವ ಬಣ್ಣದ್ದಾದರೂ ಹಾಕಿ, ಹರಕಾದರೂ ಹಾಕಿ, ಕಾಣುತ್ತದೆ ಎಂದು ಹೇಳುತ್ತೇನೆ. ಗಂಗಾ ಹಾಕಿದ್ದೂ ಕಂಡಿತ್ತು. ಇಳಿಯದೆ ಹೋದವಳು ನಾನು.