ಇಂಜಿನ್ ರೂಮಿನ ನಿಂಗರಾಜ

ಸುಳ್ಳಿರಬೇಕು ಎಂದುಕೊಂಡೇ ಕಿಕ್ಕೇರಿ ಬಸ್ಸು ಹತ್ತಿದೆ…
ದಾರಿಯುದ್ದಕ್ಕೂ ಅವನ ನಂಬರಿಗೇ ಫೋನ್ ಮಾಡುತ್ತಿದ್ದೆ.
ಅವನು ಎತ್ತಲಿಲ್ಲ…

ನನ್ನ ಗೆಳೆಯ ನಿಂಗರಾಜ ಇನ್ನಿಲ್ಲ.

ಬೆಳಿಗ್ಗೆ ಟಿವಿ ನೋಡುತ್ತಿದ್ದನಂತೆ.
ಯುದ್ಧಕ್ಕೆ ಸಿಕ್ಕಿ ಹೊರ್ಮುಜ್ ಜಲಸಂಧಿಯಲ್ಲಿ ಎಣ್ಣೆ ಹಡಗುಗಳು ನಿಂತುಬಿಟ್ಟಿವೆ ಎಂಬ ನ್ಯೂಸ್…
ಅದರಲ್ಲೊಂದು ಹಡಗಿನಲ್ಲಿ ಅವನ ಮಗಳು ಭವ್ಯ ಇಂಜಿನಿಯರ್.
ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ನಿಮಗೆಲ್ಲ ಅವನು ಮೋಟಾರು ವೈಂಡಿಂಗ್ ಅಂಗಡಿಯವನು.
ಅದಕ್ಕೂ ಮೊದಲು ಎಣ್ಣೆ ಹಡಗಿನಲ್ಲಿ ಫಿಟ್ಟರ್ ಆಗಿದ್ದ.
ತೊಂಬತ್ತೊಂದರ ಗಲ್ಫ್ ಯುದ್ಧ…
ಇಲ್ಲಿ ನಾವು ಸೀಮೆಎಣ್ಣೆ ಕ್ಯೂನಲ್ಲಿ ನಿಂತು ಸಿಕ್ಕಸಿಕ್ಕವರನ್ನೆಲ್ಲ ಬೈಯುತ್ತಿದ್ದ ಕಾಲ.
ರಜೆಗೆ ಬಂದಿದ್ದವನಿಗೆ ವಾಪಸ್ ಬಾ ಎಂದು ಟೆಲಿಗ್ರಾಂ ಬಂತು.

ನೆನಪಿದೆಯೇನೋ ನಿಂಗಾ?
ಪಾಂಡವಪುರ ಸ್ಟೇಷನ್ನಿನ ಕಲ್ಲುಬೆಂಚು…
ನೀನು ಹೋಗದಿರಲಿ ಎಂದು ನಿನ್ನ ಟ್ರಂಕಿನ ಮೇಲೇ ಕೂತಿದ್ದೆ ನಾನು.

“ಇಂಜಿನ್ ರೂಮು ನೀರ್ಗಿಂತ ಕೆಳಗೈತೆ ಕಣ್ಲಾ,” ಅಂದೆ ನೀನು. “ಏನಾರ ಬಡುದ್ರೆ ಮೇಲ್ಗಡೆ ಇರೋರು ಸಮುದ್ರುಕ್ಕಾದ್ರೂ ಆರ್ತಾರೆ. ನಮ್ಗೆ ಅದೂ ಇಲ್ಲ.”
“ಓಗ್ಬ್ಯಾಡ ಬುಡ್ಲಾ ಮತ್ತೆ.”
“ನಾನ್ ಓಗ್ನಿಲ್ಲ ಅಂದ್ರೆ ಇನ್ನೊಬ್ಬುನ್ನ ಇಳುಸ್ತಾರೆ. ಅವುನ್ಗೂ ಅವ್ವ ಇಲ್ವೇನ್ಲಾ?”

ಹೋದೆ. ಬದುಕಿಯೂ ಬಂದೆ.
ಆದರೆ ಆಮೇಲೆ ನೀನು ಬಾಗಿಲು ಹಾಕಿದ ಕೋಣೆಯಲ್ಲಿ ಮಲಗಿದ್ದನ್ನು ಯಾರೂ ನೋಡಲಿಲ್ಲ.
ಚಳಿಗಾಲದಲ್ಲೂ ಜಗಲಿಯೇ…
ಅಂಥವನು ಮಗಳನ್ನು ಅದೇ ಕೆಲಸಕ್ಕೆ ಯಾಕೆ ಕಳಿಸಿದೆಯೋ ಎಂದರೆ ನಗುತ್ತಿದ್ದೆ.
“ನನ್ ಮಾತ್ ಕೇಳಾಳಾ? ನನ್ ಮಗ್ಳು ಕಣ್ಲಾ.”

ಮಧ್ಯಾಹ್ನ ಹಡಗಿನಿಂದ ಭವ್ಯ ಫೋನ್ ಮಾಡಿದಳು.
ಅಳಲಿಲ್ಲ. ಅವಳ ಮಾತಿನ ಹಿಂದೆ ಇಂಜಿನ್ ಸದ್ದು…
“ಕಾಯ್ಬೇಡಿ ಚಿಕ್ಕಪ್ಪ. ನಾವು ಯಾವಾಗ ಆಚೆ ಬರ್ತೀವೋ ಇಲ್ಲಿ ಯಾರ್ಗೂ ಗೊತ್ತಿಲ್ಲ. ನನ್ ಪಾಲಿನ್ ಮಣ್ಣೂ ನೀವೇ ಆಕ್ಬುಡಿ.”
ಆಯ್ತವ್ವ ಎಂದೆ.

ಸಂಜೆ ನಿಮ್ಮ ತೋಟದಲ್ಲೇ ನಿನ್ನನ್ನು ಮಣ್ಣು ಮಾಡಿದೆವು.
ನನ್ನ ಮೂರು ಹಿಡಿ ಹಾಕಿದೆ.
ಅವಳದನ್ನೂ ಹಾಕೋಣವೆಂದು ಬಗ್ಗಿದೆ, ಮಣ್ಣು ಕೈಗೆ ಬಂತು…
ಭಯವಾಯಿತು.
ಹಾಕಿಬಿಟ್ಟರೆ ಅವಳು ಬರುವುದಿಲ್ಲವೆಂದು ನಾನೇ ಒಪ್ಪಿಕೊಂಡ ಹಾಗೆ ಅನ್ನಿಸಿತು.
ಅಲ್ಲೇ ಅಂಚಿನಲ್ಲಿ ಬಿಟ್ಟು ಬಂದೆ.
ಮಾತು ಕೊಟ್ಟು ತಪ್ಪಿದೆ, ಬೈದುಕೋ.
ಅವಳೇ ಬಂದು ಹಾಕಲಿ ನಿಂಗಾ…

ನೀನು ಮಲಗು.
ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ…
ಹೆದರಿಕೊಂಡಿರಲು ನಾನಿದ್ದೇನೆ.