ಕುವೈತಿನಿಂದ ಬರಬೇಕಿದ್ದ ಕಳಸಗಿತ್ತಿ

ನನ್ನ ಮದುವೆಯ ಬೆಳಿಗ್ಗೆ ಮಡಕಶಿರಾದ ಛತ್ರದಲ್ಲಿ ಬಾಸಿಂಗ ಕಟ್ಟಿಕೊಂಡು ಕೂತು ನಾನು ವಿಮಾನದ ಲೆಕ್ಕ ಹಾಕುತ್ತಿದ್ದೆ.

ಅಕ್ಕ ಕುವೈತಿನ ಹೊಲಿಗೆ ಅಂಗಡಿಯಿಂದ ಬರಬೇಕಿತ್ತು. ನಮ್ಮ ಮನೆತನದಲ್ಲಿ ಮದುಮಗನ ಅಕ್ಕನೋ ತಂಗಿಯೋ ಕಳಸ ಹಿಡಿದು ಪಕ್ಕದಲ್ಲಿ ನಿಂತ ಮೇಲೆಯೇ ತಾಳಿ. ನನಗಿರುವುದು ಅವಳೊಬ್ಬಳೇ. "ಬೇರೆಯವರ ಕೈಗೆ ಕಳಸ ಕೊಟ್ರ ನೋಡು ಮತ್ತ" ಎಂದು ಫೋನಿನಲ್ಲಿ ಹೆದರಿಸಿದ್ದಳು. ಶಾಸ್ತ್ರಗಳನ್ನು ನಂಬದ ನನಗೂ ಅವಳೇ ಬೇಕಾಗಿತ್ತು.

ತಪ್ಪಾದದ್ದು ನಮ್ಮೂರು ರಾಯದುರ್ಗದಲ್ಲಿ. ಅವ್ವ ಜೀನ್ಸ್ ಹೊಲಿಯುವವಳು. ಅವಳ ಜೊತೆಯವರು ಹೊತ್ತನ್ನು ಬಂಡಲಿನಲ್ಲಿ ಅಳೆಯುತ್ತಾರೆ: ಕತ್ತರಿಸಿ ಕಟ್ಟಿಟ್ಟ ಬಟ್ಟೆಯ ಒಂದು ಬಂಡಲ್ ಹೊಲಿದು ಮುಗಿಸುವಷ್ಟು ಹೊತ್ತು. ಕುವೈತಿಗೂ ಬೆಂಗಳೂರಿಗೂ ಮೂರು ಸಾವಿರ ಕಿಲೋಮೀಟರಿಗೂ ಮೇಲಾಗುತ್ತದೆ ಎಂದರೆ ಅವಳಿಗೆ ಏನೂ ಅನ್ನಿಸದು. ಅಕ್ಕ "ಎರಡು ಬಂಡಲ್ ದಾರಿ", ಅಂದರೆ ಐದು ತಾಸು, ಅಂದದ್ದೇ ಸಾಕಾಯಿತು. ರಾತ್ರಿ ಹತ್ತಕ್ಕೆ ಹೊರಟರೆ ಮೂರಕ್ಕೆ ಬೆಂಗಳೂರು ಎಂದುಕೊಂಡು, ಬೆಳಗಿನ ಎಂಟರ ಮುಹೂರ್ತಕ್ಕೆ ಬೀಗರಿಗೆ ಹೂಂ ಅಂದುಬಿಟ್ಟಿದ್ದಳು. ಅನಂತಪುರದ ಯೂನಿವರ್ಸಿಟಿಯಲ್ಲಿದ್ದ ನನಗೆ ಈ ಲೆಕ್ಕ ಗೊತ್ತಾದದ್ದು ಮದುವೆಯ ಹಿಂದಿನ ದಿನ.

"ಅವ್ವಾ, ಅಲ್ಲಿ ಹತ್ತು ಅಂದ್ರ ಇಲ್ಲಿ ಹನ್ನೆರಡೂವರಿ. ಇಳಿಯೋದು ಐದೂವರಿಗೆ."

"ಹಂಗಾದ್ರ ಎರಡೂವರಿ ತಾಸು ಎಲ್ಲಿ ಹೋತಲೇ?"

"ಎಲ್ಲೂ ಹೋಗಿಲ್ಲ. ಅಲ್ಲಿ ಹೊತ್ತು ತಡವಾಗಿ ಹುಟ್ಟತೈತಿ."

"ಬಂಡಲ್ ಅಲ್ಲೂ ಅಷ್ಟ, ಇಲ್ಲೂ ಅಷ್ಟ. ನಿಮ್ಮ ಯೂನಿವರ್ಸಿಟಿಯಾಗ ಏನ್ ಕಲಿಸಿದ್ರೋ!"

ಹಾರಾಟ ಐದೇ ತಾಸಿನದು. ಅಷ್ಟರ ಮಟ್ಟಿಗೆ ಅವಳು ಹೇಳಿದ್ದೂ ಸರಿ.

ಎಂಟು ದಾಟಿತು. ಹುಡುಗಿಯ ಸೋದರಮಾವ ಬಳಿ ಬಂದು ಕೂತರು. "ಅಳಿಯಂದ್ರೆ, ವಿಮಾನ ಏನು ನಮ್ ಅಗಳಿ ಬಸ್ಸಾ, ಬೇಗ ಹೊಡಿಯಪ್ಪಾ ಅನ್ನಾಕೆ? ನಮ್ ಕಡೆ ಹುಡುಗಿ ಯಾರಾದ್ರೂ ಕಳಸ ಹಿಡೀತಾಳೆ, ಬಿಡ್ರಿ."

"ಇನ್ನೊಂದು ಸ್ವಲ್ಪ ನೋಡೋಣ್ರಿ ಮಾವಾ."

ಪುರೋಹಿತರು ತೆಲುಗಿನಲ್ಲಿ, ಒಂಬತ್ತರವರೆಗೂ ಒಳ್ಳೆಯ ಗಳಿಗೆ ಇದೆ ಎಂದರು. ಅಷ್ಟರಲ್ಲಿ ಅವ್ವನ ಫೋನ್ ಕೂಗಿತು. "ಹಿಂದೂಪುರ ದಾಟೀವಿ! ಕಟ್ಟಬ್ಯಾಡ್ರೋ!" ಅಕ್ಕನ ದನಿ ಅಡುಗೆಯವರಿಗೂ ಕೇಳಿಸಿರಬೇಕು; ಸೌಟು ಹಿಡಿದವರೂ ಬಾಗಿಲಿಗೆ ಓಡಿದರು. ನಡುವೆ ಹಿಡಿದಿದ್ದ ಅಂತರಪಟದ ಆಚೆಯಿಂದ ಮದುಮಗಳು ಪಿಸುಗುಟ್ಟಿದಳು: "ಬಂದ್ರಾ?"

"ಬರ್ತಾಳ."

"ನಿಜ್ವಾಗ್ಲೂ?"

ಒಂಬತ್ತಕ್ಕೆ ಇನ್ನು ಹತ್ತೇ ನಿಮಿಷ ಇದೆ ಅನ್ನುವಾಗ ಹೊರಗೆ ಕಾರಿನ ಹಾರ್ನ್. ಜನ ದಾರಿ ಬಿಟ್ಟರು. ಅಕ್ಕ ಜೀನ್ಸ್ ಪ್ಯಾಂಟಿನಲ್ಲೇ ಓಡಿ ಬಂದಳೆಂದು ನನ್ನ ನೆನಪು. ಹಿಂದೂಪುರದಲ್ಲಿ ಕಾರು ನಿಲ್ಲಿಸಿ ಸೀರೆ ಉಟ್ಟಿದ್ದೆ ಎಂದು ಅವಳು ಇವತ್ತಿಗೂ ಜಗಳವಾಡುತ್ತಾಳೆ. ಫೋಟೊದಲ್ಲಿ ಕಳಸ ಮತ್ತು ಬೆವೆತ ಮುಖ ಮಾತ್ರ ಬಂದಿವೆ, ಯಾರನ್ನು ನಂಬಲಿ? ನನ್ನ ನೆನಪು ಇಂಥ ಚೇಷ್ಟೆಗಳನ್ನು ಮೊದಲಿನಿಂದಲೂ ಮಾಡಿದೆ.

ಅವ್ವನ ಕೈಯಿಂದ ಕಳಸ ಕಸಿದುಕೊಂಡು ಅಕ್ಕ ನನ್ನ ಪಕ್ಕಕ್ಕೆ ನಿಂತಳು. ಏದುಸಿರು ಬಿಡುತ್ತಲೇ ಮೊಣಕೈಯಿಂದ ತಿವಿದಳು.

"ಕಟ್ಟೋ ಇನ್ನ. ಯಾರಿಗೆ ಕಾಯಾಕತ್ತೀ?"