ಕಾಪಿಟಿ ತೀರದಲ್ಲೊಂದು ಸಂಗಮಸ್ನಾನ

ಈ ದೇಶದಲ್ಲಿ ಹಾವಿಲ್ಲ. ಹೆಸರಿಗೆ ಒಂದೂ ಇಲ್ಲ. ಟೆಂಟಿನ ಸುತ್ತ ನಾನು ಬೆಳ್ಳುಳ್ಳಿ ಜಜ್ಜಿದ ನೀರು ಚಿಮುಕಿಸುತ್ತಿದ್ದಾಗ ಪಕ್ಕದ ಟೆಂಟಿನ ಹೀನಾ ಬಂದು, ಏನು ಮಾಡುತ್ತಿದ್ದೀಯ ಎಂದು ವಿಚಾರಿಸಿ, ನಗು ತಡೆದುಕೊಂಡು ಈ ಮಾತು ಹೇಳಿದಳು. ಆಕೆ ಮಾವೊರಿ ಹೆಂಗಸು, ಈ ನೆಲದ ಮೂಲದವಳು. ಹುಲಿ, ಚಿರತೆ, ತೋಳವೂ ಇಲ್ಲವಂತೆ. ಹಾಗಾದರೆ ಇಲ್ಲಿ ಯಾವುದಕ್ಕೆ ಹೆದರಬೇಕು ಎಂದು ಕೇಳಿದೆ. ಅವಳು ಗದ್ದವೆತ್ತಿ ಸಮುದ್ರದ ಕಡೆ ತೋರಿಸಿದಳು. ನಾನದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನನಗೆ ನರ್ಸ್ ಕೆಲಸ ಸಿಕ್ಕು ನಾವು ಲೋವರ್ ಹಟ್ ಎಂಬ ಊರಿಗೆ ಬಂದ ಎರಡನೆಯ ಬೇಸಿಗೆ ಅದು. ಇಲ್ಲಿ ಬೇಸಿಗೆ ಎಂದರೆ ಜನವರಿ; ಸಂಕ್ರಾಂತಿಗೆ ಎಳ್ಳು ಹಚ್ಚಿಕೊಂಡು ಸ್ನಾನ ಮಾಡುವ ಹೊತ್ತಿಗೆ ಸೆಕೆ. ಡೇರಿ ಎಂದರೆ ಹಾಲಿನ ಕೇಂದ್ರವಲ್ಲ, ಓಣಿಯ ಮೂಲೆಯ ಅಂಗಡಿ. ಅಲ್ಲಿ ಫೋನ್ ಕಾರ್ಡ್ ಕೊಂಡು ಬಾಗಲಕೋಟೆಗೆ ಮಾತಾಡಿದ ದಿನ ಅನ್ನ ಸೇರುತ್ತಿರಲಿಲ್ಲ. ಗಾಳಿ ಬೀಸಿದರೆ ಕಟ್ಟಿಗೆಯ ಮನೆ ಕಿರ್ರೆನ್ನುತ್ತಿತ್ತು, ನಾನು ಮಗಳನ್ನು ಅವುಚಿಕೊಂಡು ಮಲಗುತ್ತಿದ್ದೆ. ರಜೆ ಬಂತೆಂದರೆ ಜೊತೆಯ ನರ್ಸ್‌ಗಳೆಲ್ಲ ತಮ್ಮ ತಮ್ಮ ‘ಬ್ಯಾಚ್’ಗೆ, ಅಂದರೆ ಕಡಲ ದಂಡೆಯ ಪುಟ್ಟ ಮನೆಗೆ ಹೊರಡುತ್ತಿದ್ದರು. ನಮಗೆಲ್ಲಿಯ ಬ್ಯಾಚ್? ಒಬ್ಬಾಕೆ ತನ್ನ ಹಳೆಯ ಟೆಂಟು ಕೊಟ್ಟಳು, ಅದನ್ನು ಹೊತ್ತು ಕಾಪಿಟಿ ತೀರಕ್ಕೆ ಬಂದೆವು.

ನಮ್ಮವರ ತಯಾರಿಯಂತೂ ಕೇಳಬೇಡಿ. ಟೆಂಟಿನ ಜಿಪ್ಪಿಗೆ ಬೀಗ, ದಿಂಬಿನಡಿ ಖಾರದ ಪುಡಿ, ಕೈಗೊಂದು ಬಡಿಗೆ.

“ವಾಚ್‌ಮನ್ ಎಲ್ಲಿ ಇರ್ತಾನ?” ಎಂದು ಬಂದವರೇ ಕೇಳಿದರು.

“ದೇರ್ ಈಸ್ ನೋ ವಾಚ್‌ಮನ್, ಅಪ್ಪಾ,” ಎಂದಳು ಮಗಳು ಸಿಂಚನಾ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವುದು ಆಗಲೇ ರೂಢಿಯಾಗಿತ್ತು.

ಬೀಗ ಹಾಕಿದ ಟೆಂಟನ್ನು ಬ್ಲೇಡಿನಿಂದ ಹರಿಯಬಹುದು ಎಂಬುದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಹೊರಗೆ ಬಂದು ನೋಡಿದೆ. ಹಿಂದೆ ಬೆಟ್ಟದ ಸಾಲು, ಮುಂದೆ ಬೂದಿ ಬಣ್ಣದ ಮರಳು, ಕಡಲು ತಂದು ಒಗೆದ ಆಳೆತ್ತರದ ಬಿಳಿ ದಿಮ್ಮಿಗಳು, ನೀರಿನಾಚೆ ಒಂದಿಡೀ ದ್ವೀಪ. ಬೆಟ್ಟದಿಂದ ಇಳಿದ ಹೊಳೆ ತಳದ ಕಲ್ಲು ಕಾಣುವಷ್ಟು ತಿಳಿಯಾಗಿ ಬಂದು ಅಲ್ಲೇ ಸಮುದ್ರ ಸೇರುತ್ತಿತ್ತು. ಇಷ್ಟು ದೊಡ್ಡದರ ಎದುರು ನಿಲ್ಲಲು ನಾನು ಯಾರು ಅನ್ನಿಸಿ ಕಣ್ಣು ತುಂಬಿದವು.

“ನೋಡ ಇಲ್ಲೆ, ಸಂಗಮ ಐತಿ,” ಎಂದರು ನಮ್ಮವರು. “ಮೂರು ಮುಳುಗ ಹಾಕಿ ಬರ್ತೇನಿ.”

ಅವರು ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮದ ಹತ್ತಿರದವರು. ಎರಡು ನೀರು ಕೂಡಿದಲ್ಲಿ ಮುಳುಗು ಹಾಕದೆ ನಮ್ಮ ಕಡೆ ಯಾರೂ ದಾಟಿ ಹೋಗುವುದಿಲ್ಲ. ಅಂಥ ಜಾಗವೇ ಇಲ್ಲಿ ಎಲ್ಲಕ್ಕಿಂತ ಅಪಾಯದ್ದು, ಸಮುದ್ರದ ನೀರು ಇಳಿಯುವ ಹೊತ್ತಿನಲ್ಲಿ ಹೊಳೆ ಮನುಷ್ಯನನ್ನೂ ಕಡಲೊಳಗೆ ಎಳೆದೊಯ್ಯುತ್ತದೆ ಎಂದು ನಮಗೆ ಯಾರು ಹೇಳಬೇಕು? ಚೊಂಬನ್ನು ಕೈಗಿತ್ತವಳೂ ನಾನೇ. ಅವರು ಮೊಣಕಾಲುದ್ದ ನೀರಿಗೆ ಇಳಿದರು. ನಾನು ದಂಡೆಯಲ್ಲಿ ಕೈ ಮುಗಿದು ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಅವರು ನಿಂತ ಜಾಗದಲ್ಲಿ ಬರೀ ನೀರು. ದೂರದಲ್ಲಿ ತಲೆ ಕಾಣುತ್ತಿತ್ತು. ಹೊಳೆಯಲ್ಲಿ ಈಸಿ ಬೆಳೆದ ಮನುಷ್ಯ, ದಂಡೆಗೆ ಮುಖ ಮಾಡಿ ಜೀವ ಹಿಡಿದು ಕೈ ಹೊಡೆಯುತ್ತಿದ್ದರು, ಆದರೂ ಹಿಂದಕ್ಕೇ ಹೋಗುತ್ತಿದ್ದರು.

“ಫ್ಲೋಟ್, ಅಪ್ಪಾ! ಹ್ಯಾಂಡ್ ಅಪ್!” ಮಗಳು ಕಿರುಚಿದಳು. ಶಾಲೆಯಲ್ಲಿ ಕಲಿಸಿದ್ದರು. ಅವರ ಕಿವಿಗೆ ಅದು ಬೀಳಲೇ ಇಲ್ಲ, ಇನ್ನೂ ಜೋರಾಗಿ ಈಸತೊಡಗಿದರು.

ಆಗ ನಾನು ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಕೂಗಿದೆ: “ರೀ, ಈಸಬ್ಯಾಡ್ರೀ. ಅಂಗಾತ ಮಲಗ್ರೀ. ಒಂದ ಕೈ ಎತ್ರೀ.”

ಕೈ ಹೊಡೆಯುವುದು ನಿಂತಿತು. ಅಂಗಾತ ಮಲಗಿದರು. ಅಲೆಗಳ ನಡುವೆ ಒಂದು ಕೈ ಮೇಲೆದ್ದಿತು. ಆ ಕೈಯನ್ನು ಕಂಡೇ ತಗಡಿನ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದ ಹೀನಾಳ ಅಣ್ಣ ಆ ಕಡೆ ತಿರುಗಿದ. ದಂಡೆಗೆ ತಂದಾಗ ನಮ್ಮವರ ತುಟಿ ನೀಲಿಯಾಗಿತ್ತು, ಚೊಂಬು ಕಡಲ ಪಾಲಾಗಿತ್ತು.

ಹೀನಾ ಅವರಿಗೆ ಕಂಬಳಿ ಹೊದಿಸಿ, ಚಹಾ ಕುಡಿಸಿ, ನೀರಿಗೆ ಮುಖ ಮಾಡಿ ನಿಂತು ಕರಾಕಿಯಾ ಹೇಳಿದಳು. ಕರಾಕಿಯಾ ಎಂದರೆ ಅವರ ಪ್ರಾರ್ಥನೆ. ಅವಳ ಕಣ್ಣು ತೆರೆದೇ ಇತ್ತು. ನಾವೂ ಈ ನೀರಿಗೆ ನಮಿಸುವವರೇ, ಆದರೆ ನೋಡುತ್ತ ನಮಿಸುತ್ತೇವೆ ಎಂದು ಆಮೇಲೆ ನನಗೆ ಹೇಳಿದಳು. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು.

ಮುಂದಿನ ವರ್ಷ ಊರಿಗೆ ಹೋದಾಗ ಮನೆಮಂದಿಯೆಲ್ಲ ಕೂಡಲಸಂಗಮಕ್ಕೆ ಹೋದೆವು. ಅಂದು ಹೊಳೆ ಅಲುಗದಂತೆ ನಿಂತಿತ್ತು. ನಮ್ಮವರು ಮೆಟ್ಟಿಲಿಳಿದು ನೀರಿಗಿಳಿದರು. ನಾನು ಕೈ ಮುಗಿದೆ, ಕಣ್ಣು ಮುಚ್ಚಲು ಆಗಲಿಲ್ಲ.

“ಕಣ್ಣ ಮುಚ್ಚಬೇ ಯವ್ವಾ,” ಎಂದಳು ನೆಗೆಣ್ಣಿ. “ಪರದೇಶಕ್ಕ ಹೋಗಿ ಕೈ ಮುಗಿಯೂದನೂ ಮರತಿಯೇನ?”

ಪಕ್ಕದಲ್ಲಿ ಸಿಂಚನಾಳೂ ರೆಪ್ಪೆ ಬಡಿಯದೆ ನೀರನ್ನೇ ನೋಡುತ್ತಿದ್ದಳು. ಮೂರನೆಯ ಮುಳುಗು ಹಾಕಿ ಎದ್ದ ನಮ್ಮವರು ಮುಖದ ನೀರನ್ನೂ ಒರೆಸಿಕೊಳ್ಳದೆ ದಂಡೆಯಲ್ಲಿ ನಮ್ಮಿಬ್ಬರನ್ನು ಹುಡುಕಿ, ಒಂದು ಕೈ ಮೇಲೆತ್ತಿದರು.

“ಯಾರನ್ನ ಕರ್ಯಾಕತ್ತಾರ?” ಎಂದು ನೆಗೆಣ್ಣಿ ಸುತ್ತ ನೋಡಿದಳು.

ನಾನು ಆಗ ಕಣ್ಣು ಮುಚ್ಚಿದೆ.